ಬೀರುವಿನ ಆಣೆ

ಇಷ್ಟಕ್ಕೆಲ್ಲ ಕಾರಣ ಒಂದು ಕೆಂಪು ಗೆರೆ. ಬಹ್ಗತ್ ಬಿಳಿ ಹಾಳೆಯಲ್ಲಿ ಏನೋ ಬರೆದು, ತಲೆಬರಹದ ಕೆಳಗೆ ಅಳತೆಪಟ್ಟಿ ಇಟ್ಟು, ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆದ. ಅದನ್ನು ಮೇಡಂ ಇನ್ಶಿರಾಹ್ ನೋಡಿಬಿಟ್ಟಳು. ಅವಳು ನೋಡಿದ ಮೇಲೆ ಅದು ಬಹ್ಗತ್ ಒಬ್ಬನ ಹಾಳೆಯಾಗಿ ಉಳಿಯುವುದುಂಟೆ? ಎರಡೇ ನಿಮಿಷದಲ್ಲಿ ಮೊಲೊಖಿಯಾ ಸೊಪ್ಪಿನ ಕಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಆಕೆ ವಗ್ದಿಯ ಮೇಜಿನ ಬಳಿ ಹಾಜರಾದಳು.

"ಉಸ್ತಾದ್ ವಗ್ದಿ, ತಿಂಡಿ ಆಯ್ತಾ?"

ವಗ್ದಿಯ ಬಾಯಿ ತುಂಬ ಫೂಲ್ ಕಾಳು ತುಂಬಿದ ರೊಟ್ಟಿ. ಅವನು ತಲೆಯಾಡಿಸಿದ.

"ತಿನ್ನಿ, ತಿನ್ನಿ. ನಾನೇನೂ ಹೇಳಲ್ಲ. ತಿನ್ನೋ ಹೊತ್ತಲ್ಲಿ ಹೇಳಿ ನಿಮ್ಮ ಹೊಟ್ಟೆ ಕೆಡಿಸೋದು ನನಗಿಷ್ಟ ಇಲ್ಲ." ಪಕ್ಕದ ಕುರ್ಚಿ ಎಳೆದುಕೊಂಡು ಸೊಪ್ಪು ಬಿಡಿಸಲು ಕೂತಳು. "ಬಹ್ಗತ್ ಬರ್ದಾಯ್ತು."

"ಏನು ಬರ್ದ?"

"ಬೀರು ವಿಷಯ. 'ಕಾರಿಡಾರಿನ ಬೀರು ತೆಗೆಯುವ ಬಗ್ಗೆ.' ಕೆಂಪು ಗೆರೆ ಬೇರೆ ಹೊಡ್ದಿದ್ದಾನೆ. ಒಳಗೇನಿದೆಯೋ ಕಾಣಿಸ್ಲಿಲ್ಲ, ಕೈ ಅಡ್ಡ ಇಟ್ಕೊಂಡ. ಕಳ್ಳ."

ವಗ್ದಿ ಕೈಯಲ್ಲಿದ್ದ ರೊಟ್ಟಿಯನ್ನು ಮೇಜಿನ ಮೇಲಿಟ್ಟ.

ಜಗಾಜೀಗ್ ಊರಿನ ಆ ಕಾಲುವೆ ಕಚೇರಿಗೆ ವಾರದ ಹಿಂದೆ ಮೇಲಿನಿಂದ ಒಂದು ಸುತ್ತೋಲೆ ಬಂದಿತ್ತು. ನೌಕರರ ಕೆಲಸಕ್ಕೆ ಅಡ್ಡಿಯಾಗುವ, ಬೇಸರ ಹುಟ್ಟಿಸುವ ಅನಗತ್ಯ ತೊಡಕುಗಳನ್ನು ಪತ್ತೆ ಮಾಡಬೇಕು. ಒಬ್ಬೊಬ್ಬ ನೌಕರನೂ ಒಂದೊಂದು ತೊಡಕನ್ನು ಬರೆದು ಕೊಡಬೇಕು. ಒಳ್ಳೆಯ ಸಲಹೆಗೆ ಪ್ರಶಂಸಾಪತ್ರ. ಇವತ್ತು ಕೊನೆಯ ದಿನ. ಮಧ್ಯಾಹ್ನ ಎರಡು ಗಂಟೆಗೆ ನಿರ್ದೇಶಕ ಹಿಲ್ಮಿ ಬೇ ಪ್ರಶಂಸಾಪತ್ರ ಯಾರಿಗೆಂದು ಹೇಳುವವರಿದ್ದರು. ಅದೇ ಎರಡು ಗಂಟೆಗೆ ಪರವಾನಗಿ ವಿಭಾಗದ ಹೊಸ ಮುಖ್ಯಸ್ಥ ಯಾರೆಂಬುದನ್ನೂ ಹೇಳುವವರಿದ್ದರು. ಈ ಎರಡಕ್ಕೂ ಸಂಬಂಧವಿದೆ ಎಂದು ಹಿಲ್ಮಿ ಬೇ ಎಲ್ಲಿಯೂ ಹೇಳಿರಲಿಲ್ಲ. ಹೇಳಿದ್ದು ಇನ್ಶಿರಾಹ್. ಆ ಕಚೇರಿಯಲ್ಲಿ ನಿರ್ದೇಶಕರ ಮಾತಿಗಿಂತ ಅವಳ ಮಾತನ್ನೇ ಜನ ಹೆಚ್ಚು ನಂಬುತ್ತಿದ್ದರು, ಏಕೆಂದರೆ ಅದು ಬೇಗ ಬಂದು ಮುಟ್ಟುತ್ತಿತ್ತು.

ವಗ್ದಿಗೆ ಐವತ್ತೇಳು ವರ್ಷ. ಮೂವತ್ತೊಂದು ವರ್ಷದಿಂದ ಅದೇ ಮೇಜು. ಇನ್ನು ಮೂರು ವರ್ಷಕ್ಕೆ ನಿವೃತ್ತಿ. ಮುಖ್ಯಸ್ಥನ ಹುದ್ದೆ ಹತ್ತು ವರ್ಷಕ್ಕೊಮ್ಮೆ ಖಾಲಿಯಾಗುವಂಥದ್ದು, ಹಾಗಾಗಿ ಇದು ತಪ್ಪಿದರೆ ಮುಗಿಯಿತು. ಮೂರನೇ ಮಹಡಿಯಲ್ಲಿ ಒಂದು ಕೋಣೆ, ಬಾಗಿಲ ಮೇಲೆ ತನ್ನ ಹೆಸರಿನ ಹಲಗೆ. ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಅವನ ಹೆಂಡತಿ ಸೌಸನ್ ಅಂತೂ ತವರಿನವರಿಗೆಲ್ಲ ಆಗಲೇ ಹೇಳಿಬಿಟ್ಟಿದ್ದಳು.

ಬಹ್ಗತ್‌ಗೆ ಇನ್ನೂ ನಲವತ್ತೆರಡು. ಸೇರಿ ಹನ್ನೊಂದು ವರ್ಷವೂ ಆಗಿರಲಿಲ್ಲ. ಆದರೂ ವಗ್ದಿ ರಾತ್ರಿ ಹಗಲು ಅವನನ್ನೇ ನೆನೆಯುತ್ತಿದ್ದ. ಇಬ್ಬರೂ ಒಂದೇ ಕಟ್ಟಡದಲ್ಲಿ ವಾಸ. ಬಹ್ಗತ್‌ನ ಮನೆ ಇವನ ಮನೆಯ ಮೇಲೆ. ಬಹ್ಗತ್ ಏಸಿ ಹಾಕಿಸಿದ ಮೇಲೆ ಅದರ ನೀರು ವಗ್ದಿಯ ಬಾಲ್ಕನಿಯಲ್ಲಿ ಒಣಗಲು ಹಾಕಿದ ಬಟ್ಟೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಬಟ್ಟೆ ಒದ್ದೆಯಾಗುವುದು ವಗ್ದಿಗೆ ದೊಡ್ಡ ವಿಷಯವಲ್ಲ, ಮೇಲೆ ಏಸಿ ಇದೆಯಲ್ಲ ಅದು ದೊಡ್ಡ ವಿಷಯ. ಬಹ್ಗತ್‌ನ ತಲೆಗೂದಲು ಇನ್ನೂ ಉದುರಿರಲಿಲ್ಲ. ಬಹ್ಗತ್‌ನ ಪೆನ್ನು ಸೋರುತ್ತಿರಲಿಲ್ಲ. ಹಿಂದಿನ ವರ್ಷ ಕಡತಗಳಿಗೆಲ್ಲ ಬಣ್ಣದ ಚೀಟಿ ಅಂಟಿಸಿ ನಿರ್ದೇಶಕರಿಂದ ಎಲ್ಲರೆದುರು "ಭಲೇ" ಅನ್ನಿಸಿಕೊಂಡಿದ್ದ. ಆ "ಭಲೇ" ವಗ್ದಿಯ ಹೊಟ್ಟೆಯೊಳಗೆ ಇನ್ನೂ ಆರದೆ ಉರಿಯುತ್ತಿತ್ತು.

ಇನ್ನು ಬೀರು. ಎರಡನೇ ಮಹಡಿಯ ಕಾರಿಡಾರಿನ ನಡುವೆ ಹಸಿರು ಬಣ್ಣದ ಕಬ್ಬಿಣದ ಬೀರು ನಿಂತಿತ್ತು, ಆಳೆತ್ತರಕ್ಕಿಂತ ಒಂದು ಮೊಳ ಹೆಚ್ಚು. ಬೀಗದ ಕೈ ಯಾವ ಕಾಲದಲ್ಲೋ ಕಳೆದುಹೋಗಿತ್ತು. ಒಳಗೇನಿದೆ ಎಂದು ಯಾರಿಗೂ ತಿಳಿಯದು. ಸಪೂರ ಮೈಯವರು ಗೋಡೆಗೆ ಬೆನ್ನು ಹಚ್ಚಿ ಅಡ್ಡಡ್ಡ ತೂರುತ್ತಿದ್ದರು. ಇನ್ಶಿರಾಹ್‌ಳಂಥವರು ಕೆಳಗಿಳಿದು, ಅಂಗಳ ದಾಟಿ, ಹಿಂದಿನ ಮೆಟ್ಟಿಲು ಹತ್ತಿ ಮತ್ತೆ ಅದೇ ಮಹಡಿಗೆ ಬರುತ್ತಿದ್ದರು. ಪರವಾನಗಿಗೆಂದು ಬಂದ ರೈತರು ಅದರ ಮುಂದೆ ನಿಂತು, ಕಚೇರಿ ಇಲ್ಲಿಗೆ ಮುಗಿಯಿತೆಂದುಕೊಂಡು ವಾಪಸು ಹೋದದ್ದೂ ಉಂಟು.

ಹಾಗಾದರೆ ಯಾರಾದರೂ ಎತ್ತಿ ಆಚೆ ಇಡಬಾರದೆ ಎಂದು ಕೇಳುವವರು ನಮ್ಮ ಸರ್ಕಾರಿ ಕಚೇರಿಗಳನ್ನು ಕಂಡವರಲ್ಲ. ಇಲ್ಲಿ ಪ್ರತಿ ಸಾಮಾನೂ ಒಬ್ಬನ ಜಿಮ್ಮೆಯಲ್ಲಿರುತ್ತದೆ. ಕುರ್ಚಿ, ಫ್ಯಾನು, ಕಸದ ಬುಟ್ಟಿ, ಎಲ್ಲಕ್ಕೂ ಉಗ್ರಾಣದ ಜಿಮ್ಮೆ ಪುಸ್ತಕದಲ್ಲಿ ಒಬ್ಬನ ರುಜು. ರುಜು ಹಾಕಿದವನ ಹೊರತು ಬೇರೆಯವರು ಮುಟ್ಟುವಂತಿಲ್ಲ. ಕಳೆದರೆ ಅವನ ತಲೆ, ಮುರಿದರೆ ಅವನ ತಲೆ. ಒಳಗೇನಿದೆ ಎಂದು ಪಟ್ಟಿ ಇಲ್ಲದ ಬೀರುವನ್ನು ಗುಜರಿಗೆ ಹಾಕುವಂತೆಯೂ ಇಲ್ಲ. ಈ ಬೀರು ಬಹ್ಗತ್‌ನ ಜಿಮ್ಮೆಯಲ್ಲಿತ್ತು. ನಾಲ್ಕು ವರ್ಷದ ಹಿಂದೆ ನಿವೃತ್ತನಾಗುವ ಆತುರದಲ್ಲಿದ್ದ ಮುದುಕನೊಬ್ಬ, "ಮಗಾ, ಇಲ್ಲೊಂದು ಸಣ್ಣ ರುಜು ಹಾಕಪ್ಪ" ಎಂದು ಬಹ್ಗತ್‌ನ ತಲೆಗೆ ಕಟ್ಟಿ, ಮೆಟ್ಟಿಲನ್ನು ಎರಡೆರಡಾಗಿ ಇಳಿದು ಹೋಗಿದ್ದ.

"ಅವನ ಜಿಮ್ಮೆ, ಅವನೇ ತೆಗೀತಾನೆ," ಎಂದಳು ಇನ್ಶಿರಾಹ್. "ಇಡೀ ಮಹಡಿ ಅವನ ಕೈ ಮುಟ್ಟಿ ಹರಸುತ್ತೆ. ನಾನೂ ಹರಸ್ತೀನಿ, ನನ್ನ ಮಂಡಿ ನೋವು ನನಗೆ ಗೊತ್ತು. ಆಮೇಲೆ ಮುಖ್ಯಸ್ಥ ಯಾರು ಅಂತ ಕೇಳೋದೇ ಬೇಡ. ನೀವೇನು ಬರ್ದ್ರಿ?"

ವಗ್ದಿ ಏನೂ ಬರೆದಿರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಅವನಿಗೆ ಕಚೇರಿಯ ಎಲ್ಲ ತೊಡಕುಗಳೂ ಒಗ್ಗಿಹೋಗಿದ್ದವು. ಬಹ್ಗತ್‌ನ ಹೊರತು ಬೇರೆ ಯಾವುದೂ ಅವನ ಕಣ್ಣಿಗೆ ಬೀಳುತ್ತಿರಲಿಲ್ಲ.

"ಬರೀತೀನಿ. ಅವನದಕ್ಕಿಂತ ದೊಡ್ಡದು," ಎಂದು ಎದ್ದ.

ಮೊದಲು ಕಣ್ಣಿಗೆ ಬಿದ್ದದ್ದು ಚಹಾ. ಚಹಾ ಮಾಡುವ ಬಯೂಮಿ ಕಾಕಾ ಕಾರಿಡಾರಿನ ಆ ತುದಿಯಲ್ಲಿ ಕೂರುತ್ತಿದ್ದ. ಒಂದು ಲೋಟ ಬೇಕೆಂದರೆ ನೌಕರನೇ ಎದ್ದುಹೋಗಿ ಹೇಳಬೇಕು, ಮತ್ತೆ ಹೋಗಿ ಆಯಿತೇ ಎಂದು ಕೇಳಬೇಕು.

"ಕಾಕಾ, ಇದೊಂದು ತೊಡಕು," ಎಂದ ವಗ್ದಿ. "ನೀನೇ ಮೇಜಿನ ಹತ್ರ ಬಂದು ಕೇಳಿದ್ರೆ ಎಷ್ಟು ಸಮಯ ಉಳಿಯುತ್ತೆ. ಬರೆದು ಕೊಡ್ಲಾ?"

ಬಯೂಮಿ ಕಾಕಾ ಲೋಟ ಒರೆಸುವುದನ್ನು ನಿಲ್ಲಿಸಿದ. "ಬರೆದು ಕೊಡಿ ಉಸ್ತಾದ್. ಯಾಕೆ ಬಿಡ್ತೀರಿ. ಜನ ಇಲ್ಲಿಗೆ ಬರೋದು ಚಹಾಕ್ಕಲ್ಲ, ನಿಮ್ಮಂಥವರ ಮುಖ ನೋಡೋದು ತಪ್ಪುತ್ತೆ ಅಂತ. ಅದನ್ನೂ ತಪ್ಪಿಸಿ. ನಿಮ್ಮ ಲೋಟ ಇಲ್ಲಿದೆ, ತಗೊಂಡು ಹೋಗಿ. ನಾಳೆಯಿಂದ ಮನೆಯಿಂದ್ಲೇ ಕಾಯಿಸ್ಕೊಂಡು ಬನ್ನಿ."

ವಗ್ದಿ ಖಾಲಿ ಲೋಟ ಹಿಡಿದುಕೊಂಡು ವಾಪಸಾದ. ಆಮೇಲೆ ಮೊಹರು ನೆನಪಾಯಿತು. ವಿಭಾಗದ ಮೊಹರು ಇನ್ಶಿರಾಹ್‌ಳ ಕೈಚೀಲದಲ್ಲಿ, ಮನೆ ಬೀಗದ ಕೈ, ಮಂಡಿ ನೋವಿನ ಮುಲಾಮು ಇವುಗಳ ಕೆಳಗೆ ಇರುತ್ತಿತ್ತು. ಅವಳು ತರಕಾರಿ ತರಲು ಹೋದರೆ ಮೊಹರೂ ತರಕಾರಿ ತರಲು ಹೋಗುತ್ತಿತ್ತು.

"ಮೇಡಂ, ಈ ಮೊಹರು ಮೇಜಿನ ಮೇಲೇ ಇದ್ರೆ..." ಎಂದು ಅವನು ರಾಗ ತೆಗೆದನೋ ಇಲ್ಲವೋ, ಇನ್ಶಿರಾಹ್ ಸೊಪ್ಪಿನ ಕಡ್ಡಿಯನ್ನು ಅವನ ಮೂಗಿನ ನೇರಕ್ಕೆ ಹಿಡಿದಳು.

"ನಾನು ತೊಡಕಾ? ಬೆಳಿಗ್ಗೆಯಿಂದ ನಿಮಗೋಸ್ಕರ ಸುದ್ದಿ ಹೊತ್ತು ತಂದವಳು ನಾನು. ಹದಿನಾರು ವರ್ಷದಿಂದ ಆ ಮೊಹರಿನ ಜಿಮ್ಮೆ ಹೊತ್ತಿದ್ದೀನಿ, ನಿದ್ದೇಲೂ ಚೀಲ ಬಿಟ್ಟಿಲ್ಲ. ನಿಮಗೆ ಬಹ್ಗತ್ ಮೇಲೆ ಹೊಟ್ಟೆಕಿಚ್ಚಿದ್ರೆ ಬಹ್ಗತ್ ಹತ್ರ ಹೋಗಿ ರೀ. ನನ್ನ ಚೀಲಕ್ಕೆ ಯಾಕೆ ಕೈ ಹಾಕ್ತೀರಿ?"

ಇದು ವಗ್ದಿಗೆ ತಟ್ಟಿತು, ಆದರೆ ಅವಳು ಉದ್ದೇಶಿಸಿದ ಜಾಗದಲ್ಲಲ್ಲ. ಹೌದಲ್ಲ ಎಂದುಕೊಂಡ. ಬಹ್ಗತ್ ಹತ್ತಿರವೇ ಹೋಗಬೇಕು. ಬೇರೆ ತೊಡಕು ಹುಡುಕುವುದೇಕೆ, ಅವನದನ್ನೇ ಕಿತ್ತುಕೊಂಡರಾಯಿತು. ಬೀರು ತನ್ನ ಜಿಮ್ಮೆಗೆ ಬಂದರೆ ಅದನ್ನು ತೆಗೆಸುವವನೂ ತಾನೇ, ಹಾರೈಕೆಯೂ ತನಗೇ, ಹುದ್ದೆಯೂ ತನಗೇ. ಬಹ್ಗತ್ ತನ್ನ ಕೆಂಪು ಗೆರೆಯನ್ನು ನೋಡುತ್ತ ಕೂತಿರಲಿ.

ಬಹ್ಗತ್ ಬೆರಳಿಗೆ ನೀರು ಮುಟ್ಟಿಸಿಕೊಂಡು ಹಾಳೆ ಮಗುಚುತ್ತಿದ್ದ. ವಗ್ದಿ ಅವನ ಹೆಗಲ ಮೇಲೆ ಕೈ ಇಟ್ಟ. ಹನ್ನೊಂದು ವರ್ಷದಲ್ಲಿ ಅದೇ ಮೊದಲ ಸಲ, ಹಾಗಾಗಿ ಬಹ್ಗತ್ ಬೆಚ್ಚಿಬಿದ್ದ.

"ತಮ್ಮಾ ಬಹ್ಗತ್, ಈ ಬೀರು ನಿನಗೆ ಎಷ್ಟು ತೊಂದರೆ ಅಲ್ವಾ. ನೋಡಿ ನೋಡಿ ನನ್ನ ಕರುಳು ಚುರುಕ್ ಅಂತಿದೆ. ಅದರ ಜಿಮ್ಮೆ ನನಗೆ ಕೊಟ್ಟುಬಿಡು."

ಬಹ್ಗತ್‌ನ ಕಣ್ಣು ಅಗಲವಾಯಿತು. ಆದರೆ ಅವನು ಮರ್ಯಾದಸ್ಥರ ಮನೆಯಲ್ಲಿ ಬೆಳೆದವನು. ಯಾರಾದರೂ ಏನಾದರೂ ಉಪಕಾರ ಮಾಡುತ್ತೇನೆಂದರೆ ಮೂರು ಸಲವಾದರೂ ಬೇಡವೆನ್ನಬೇಕು ಎಂಬುದನ್ನು ತಾಯಿಯ ಹಾಲಿನ ಜೊತೆ ಕುಡಿದವನು.

"ಛೆ ಛೆ, ಎಲ್ಲಾದ್ರೂ ಉಂಟಾ ಅಣ್ಣಾ. ನಿಮ್ಮ ವಯಸ್ಸೇನು, ಆ ಬೀರು ಏನು. ನನ್ನ ಹಣೆಬರಹ, ನಾನೇ ಹೊತ್ಕೊಳ್ತೀನಿ."

ನೋಡು ಬಿಡುವುದಿಲ್ಲ ಅನ್ನುತ್ತಾನೆ ಎಂದುಕೊಂಡ ವಗ್ದಿ. "ನಾನು ಮನಸಾರೆ ಕೇಳ್ತಿದ್ದೀನಿ."

"ನೀವು ಕೇಳಿದ್ದೇ ಸಾಕು. ನನ್ನ ಹೃದಯ ತುಂಬ್ತು. ಬೇಡ ಅಣ್ಣಾ."

ಅಷ್ಟರಲ್ಲಿ ಇನ್ಶಿರಾಹ್ ಬಂದು ನಿಂತಿದ್ದಳು. ಬಯೂಮಿ ಕಾಕಾನೂ ಒರೆಸುವ ಬಟ್ಟೆ ಹೆಗಲಿಗೆ ಹಾಕಿಕೊಂಡು ಬಂದಿದ್ದ. ಪಕ್ಕದ ಕೋಣೆಯವರೂ, ಪರವಾನಗಿಗೆಂದು ಬಂದಿದ್ದ ಮೂವರು ರೈತರೂ ಇಣುಕಿದರು. ಜನ ಸೇರಿದ್ದು ಕಂಡು ವಗ್ದಿಗೆ ಆವೇಶ ಬಂತು. ಎಲ್ಲಿ ಮೂರನೆಯ ಸಲವೂ ಬೇಡ ಎಂದುಬಿಡುತ್ತಾನೋ ಎಂದು ಎದೆ ಮುಟ್ಟಿಕೊಂಡು ಆಣೆ ಹಾಕಿಯೇಬಿಟ್ಟ.

"ಕೇಳಿ ಎಲ್ಲರೂ. ಈ ಬೀರು ಇವತ್ತು ನನ್ನ ಜಿಮ್ಮೆಗೆ ಬರದೇ ಹೋದ್ರೆ ನನ್ನ ಹೆಂಡ್ತಿಗೆ ತಲಾಖ್. ಮೂರು ಸಲ."

ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಊಟಕ್ಕೆ ಕರೆದಾಗ, ಬಸ್ಸಿನ ಚೀಟಿ ತೆಗೆಯುವಾಗ ಎಲ್ಲ ಈ ಆಣೆ ಹಾಕುವವರು ನಮ್ಮಲ್ಲಿ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಬೀರುವಿಗಾಗಿ ಹಾಕಿದ್ದನ್ನು ಯಾರೂ ಕಂಡಿರಲಿಲ್ಲ.

"ಅಯ್ಯೋ ಅಣ್ಣಾ, ಎಂಥ ಮಾತು," ಎಂದ ಬಹ್ಗತ್. "ಸರಿ, ಇವತ್ತು ಏನೋ ಉತ್ಸಾಹದಲ್ಲಿ ಅಂದ್ರಿ. ನಾಳೆ ಮನಸ್ಸು ಬದಲಾದ್ರೆ ವಾಪಸ್ ಕೊಡಿ, ನಾನು ಬೇಜಾರು ಮಾಡ್ಕೊಳ್ಳಲ್ಲ."

ಆಹಾ, ನಾಳೆ ವಾಪಸು ಬೇಕಂತೆ. ವಗ್ದಿ ಅದಕ್ಕೂ ಅಗುಳಿ ಜಡಿದ. "ನಿನಗೆ ವಾಪಸ್ ಕೊಟ್ರೂ ತಲಾಖ್. ನಾನು ನಿವೃತ್ತನಾಗೋವರೆಗೆ ಆ ಬೀರು ನನ್ನದು."

ಬಹ್ಗತ್ ಇನ್ನು ತಡೆಯಲಾರದೆ ಎದ್ದು ಬಂದು ವಗ್ದಿಯ ತಲೆಗೆ ಮುತ್ತಿಟ್ಟ. ಅವನ ಕಣ್ಣಲ್ಲಿ ನೀರಿತ್ತು. ಸೋತವನ ಕಣ್ಣೀರು ಎಂದುಕೊಂಡು ವಗ್ದಿ ಆ ಮುತ್ತನ್ನು ದೊಡ್ಡ ಮನಸ್ಸಿನಿಂದ ಸಹಿಸಿದ. ಇನ್ಶಿರಾಹ್ ಆಗಲೇ ಫೋನು ಕೈಗೆತ್ತಿಕೊಂಡು ಮೂಲೆಗೆ ಸರಿದಿದ್ದಳು. ಅವಳೂ ಸೌಸನ್‌ಳೂ ಒಂದೇ ಬೀದಿಯಲ್ಲಿ ಆಡಿ ಬೆಳೆದವರು.

ನೆಲಮಾಳಿಗೆಯ ಉಗ್ರಾಣದಲ್ಲಿ ಫಹೀಮ್ ಎಂಬ ಮುದಿ ಉಗ್ರಾಣಿ ಜಿಮ್ಮೆ ಪುಸ್ತಕದ ಹಿಂದೆ ಕೂತಿದ್ದ. ಇಬ್ಬರೂ ಜೊತೆಯಾಗಿ ಬಂದದ್ದನ್ನೇ ಅವನು ನಂಬಲಿಲ್ಲ. ವಿಷಯ ಕೇಳಿದ ಮೇಲಂತೂ ಕನ್ನಡಕ ತೆಗೆದು ಒರೆಸಿದ.

"ಉಸ್ತಾದ್ ವಗ್ದಿ, ಇವತ್ತು ಬೇಡ. ನಾಳೆ ಬನ್ನಿ."

"ಯಾಕೆ?"

"ಯಾಕೆ ಅಂತ ಹೇಳೋ ಹಾಗಿಲ್ಲ. ನಾಳೆ ಬೇಕಾದ್ರೆ ಐದು ಬೀರು ಬರ್ಕೊಡ್ತೀನಿ. ಇವತ್ತು ಒಂದು ಸೂಜೀನೂ ನಿಮ್ಮ ಹೆಸರಿಗೆ ಬರೆಸ್ಕೋಬೇಡಿ. ನನ್ನ ಮಾತು ಕೇಳಿ."

ವಗ್ದಿ ಅವನನ್ನು ಮೇಲಿಂದ ಕೆಳಗೆ ನೋಡಿದ. ಫಹೀಮನೂ ಬಹ್ಗತ್‌ನ ಕಡೆಯವನು. ಎರಡು ಗಂಟೆ ದಾಟಿಸಬೇಕೆಂದು ನೋಡುತ್ತಿದ್ದಾನೆ. ಎಲ್ಲ ಸೇರಿ ಮಾಡಿರುವ ಸಂಚು.

"ಇವತ್ತೇ ಆಗ್ಬೇಕು. ಆಣೆ ಹಾಕಿದ್ದೀನಿ."

"ಎಂಥ ಆಣೆ?"

ಬಹ್ಗತ್ ಹೇಳಿದ. ಫಹೀಮ್ ಪುಸ್ತಕ ತೆರೆದು ಬಹ್ಗತ್‌ನ ಹೆಸರಿನ ಮೇಲೆ ಗೆರೆ ಹೊಡೆದು ವಗ್ದಿಯ ಹೆಸರು ಬರೆದ. "ದೇವರು ಒಳ್ಳೇದು ಮಾಡ್ಲಿ," ಎಂದ, ಸಾವಿನ ಮನೆಯಲ್ಲಿ ಹೇಳುವ ದನಿಯಲ್ಲಿ. ವಗ್ದಿ ರುಜು ಹಾಕಿದ. ಅವನ ಪೆನ್ನು ಸೋರಿ ಹೆಸರಿನ ಪಕ್ಕದಲ್ಲಿ ದೊಡ್ಡ ಮಸಿ ಬೊಟ್ಟು ಬಿತ್ತು.

ಆಗ ಒಂದೂ ಕಾಲು. ಎರಡು ಗಂಟೆಯೊಳಗೆ ಬೀರುವನ್ನು ಕದಲಿಸಿ ತೋರಿಸಬೇಕು. ಕಾರಿಡಾರಿನ ಕೊನೆಯಲ್ಲಿ, ನಿರ್ದೇಶಕರ ಕೋಣೆಯ ಆಚೆಗೆ, ಗೋಡೆ ಒಳಸರಿದ ಒಂದು ಖಾಲಿ ಜಾಗವಿತ್ತು. ಅಲ್ಲಿಗೆ ತಳ್ಳುವುದೆಂದು ವಗ್ದಿ ತೀರ್ಮಾನಿಸಿದ. ಬಯೂಮಿ ಕಾಕಾನನ್ನು ಕರೆದರೆ, "ನಾನೊಂದು ತೊಡಕು ಉಸ್ತಾದ್, ನನ್ನಿಂದೇನಾಗುತ್ತೆ," ಎಂದು ಸ್ಟೂಲಿನ ಮೇಲಿಂದ ಏಳಲಿಲ್ಲ. ಕೊನೆಗೆ ಆ ಮೂವರು ರೈತರೂ ಬಹ್ಗತ್‌ನೂ ಕೈ ಹಚ್ಚಿದರು.

"ನೀನು ಹಚ್ಚಬೇಡ," ಎಂದ ವಗ್ದಿ ಬಹ್ಗತ್‌ಗೆ. ಅರ್ಧ ಹಾರೈಕೆ ಅವನಿಗೆ ಹೋದೀತೆಂಬ ಭಯ.

ಬೀರು ಮೊದಲು ಅಲುಗಲಿಲ್ಲ. ಆಮೇಲೆ ಅಲುಗಿತು. ಆಮೇಲೆ ನಿಲ್ಲಲಿಲ್ಲ. ಆ ಕಟ್ಟಡದ ನೆಲ ಕಾಲುವೆಯ ಕಡೆಗೆ ಸ್ವಲ್ಪ ವಾಲಿದೆ ಎಂಬುದನ್ನು ಚೆಂಡಿನಂತೆ ಉರುಳುವ ಪೆನ್ಸಿಲುಗಳನ್ನು ನೋಡಿ ಎಲ್ಲರೂ ಬಲ್ಲರು, ಆದರೆ ಆ ಹೊತ್ತಿಗೆ ಯಾರಿಗೂ ಹೊಳೆಯಲಿಲ್ಲ. ಬೀರು ಕಿರ್ರೆಂದು ಕಿರುಚುತ್ತ ಕಾರಿಡಾರಿನುದ್ದಕ್ಕೂ ಓಡಿತು. ರೈತರು ಪಕ್ಕಕ್ಕೆ ಹಾರಿದರು. ವಗ್ದಿ ಅದರ ಹಿಡಿಕೆಗೆ ಜೋತುಬಿದ್ದು, "ನಿಲ್ಲು, ನಿಲ್ಲು," ಎನ್ನುತ್ತ ಹಿಂದೆಯೇ ಎಳೆಸಿಕೊಂಡು ಹೋದ. ಖಾಲಿ ಜಾಗಕ್ಕೆ ನಾಲ್ಕು ಹೆಜ್ಜೆ ಇರುವಾಗ ಅದು ಓರೆಯಾಗಿ ತಿರುಗಿ, ನಿರ್ದೇಶಕರ ಕೋಣೆಯ ತೆರೆದ ಬಾಗಿಲಿಗೆ ಭುಜ ಕೊಟ್ಟು, ಚೌಕಟ್ಟಿನೊಳಗೆ ಗಟ್ಟಿಯಾಗಿ ಸಿಕ್ಕಿಕೊಂಡಿತು. ಎಳೆದರೆ ಬರಲಿಲ್ಲ, ತಳ್ಳಿದರೆ ಹೋಗಲಿಲ್ಲ.

ಒಳಗೆ ಹಿಲ್ಮಿ ಬೇ ಇದ್ದರು.

ಒಳಗೆ ಕುರ್ಚಿ ಎಳೆದ ಶಬ್ದ. ಬೀರುವಿನ ತಲೆಯ ಮೇಲೆ, ಬಾಗಿಲಿನ ಮೇಲುಪಟ್ಟಿಯ ಕೆಳಗೆ ಒಂದು ಗೇಣು ಸಂದಿ ಉಳಿದಿತ್ತು. ಅಲ್ಲಿ ಹಿಲ್ಮಿ ಬೇ ಅವರ ಬೋಳುತಲೆ, ಕನ್ನಡಕ, ಮೀಸೆ ಒಂದೊಂದಾಗಿ ಮೂಡಿದವು.

"ಇದೇನು?" ಎಂದರು.

"ಅನಗತ್ಯ ತೊಡಕು ತೆಗೀತಾ ಇದ್ದೀನಿ ಬೇ," ಎಂದ ವಗ್ದಿ ಏದುಸಿರು ಬಿಡುತ್ತ.

"ತೆಗೆದು ನನ್ನ ಬಾಗಿಲಿಗೆ ಹಾಕಿದ್ರಾ?"

ಬಡಗಿಯನ್ನು ಕರೆತರಲು ಜನ ಓಡಿದರು. ಬಡಗಿ ಊಟ ಮುಗಿಸಿ ಬರುವನೆಂದು ಸುದ್ದಿ ಬಂತು. ಅಷ್ಟರಲ್ಲಿ ಎರಡು ಹೊಡೆಯಿತು. ಇಡೀ ವಿಭಾಗ ಬಾಗಿಲಿನ ಮುಂದೆ ನೆರೆದಿತ್ತು, ಫಹೀಮ್ ಕೂಡ ನೆಲಮಾಳಿಗೆಯಿಂದ ಮೇಲೆ ಬಂದು ತಲೆ ತಗ್ಗಿಸಿ ನಿಂತಿದ್ದ. ಹಿಲ್ಮಿ ಬೇ ಗಡಿಯಾರ ನೋಡಿಕೊಂಡರು. ಸಮಯಕ್ಕೆ ತಪ್ಪದ ಮನುಷ್ಯ. ಕುರ್ಚಿಯ ಮೇಲೆ ನಿಂತಲ್ಲಿಂದಲೇ, ಬೀರುವಿನ ನೆತ್ತಿಯ ಮೇಲೆ ಕಾಗದ ಹರವಿಕೊಂಡು ಶುರುಮಾಡಿದರು.

"ತೊಡಕಿನ ಸಲಹೆಗಳು ಬಂದಿರೋದು ಒಂದೇ. ಬಹ್ಗತ್ ಬರೆದದ್ದು. ಓದ್ತೀನಿ. 'ಕಾರಿಡಾರಿನ ಬೀರು ತೆಗೆಯುವ ಬಗ್ಗೆ. ಸ್ವಾಮಿ, ನಾಲ್ಕು ವರ್ಷದಿಂದ ಈ ಬೀರು ನನ್ನ ಜಿಮ್ಮೆಯಲ್ಲಿದ್ದು, ಇದರಿಂದಾಗಿ ನನಗೆ ವರ್ಗವಾಗಲಿ ಬಡ್ತಿಯಾಗಲಿ ಸಿಗದಾಗಿದೆ. ದಯಮಾಡಿ ನನ್ನ ಹೆಸರಿನಿಂದ ತೆಗೆದು, ಬಡವನನ್ನು ಉಳಿಸಬೇಕಾಗಿ ಬೇಡಿಕೆ.'" ಹಿಲ್ಮಿ ಬೇ ಕಾಗದ ಮಡಿಸಿದರು. "ಇದು ಸಲಹೆ ಅಲ್ಲ, ಅಳು. ಪ್ರಶಂಸಾಪತ್ರ ಯಾರಿಗೂ ಇಲ್ಲ."

ವಗ್ದಿಗೆ ಅರ್ಥವಾಗಲು ಕೊಂಚ ಹೊತ್ತು ಬೇಕಾಯಿತು. ಅರ್ಥವಾಗುವ ಮೊದಲೇ ಹಿಲ್ಮಿ ಬೇ ಎರಡನೇ ಕಾಗದ ತೆಗೆದರು.

"ಇನ್ನು ಮುಖ್ಯಸ್ಥರ ಹುದ್ದೆ. ಇದಕ್ಕೂ ಸಲಹೆಗೂ ಸಂಬಂಧ ಇಲ್ಲ, ಸೇವಾವಧಿ ನೋಡಿ ವಾರ ಶುರುವಾದ ಭಾನುವಾರವೇ ಆದೇಶಕ್ಕೆ ರುಜು ಹಾಕಿದ್ದೀನಿ. ಉಸ್ತಾದ್ ವಗ್ದಿ, ಅಭಿನಂದನೆ. ಮೂವತ್ತೊಂದು ವರ್ಷ ಕಾದ್ರಿ. ಹೆಸರಿನ ಹಲಗೆ ಆಗ್ಲೇ ಬರೆಸಿದ್ದೀನಿ, ನೋಡಿ." ಬೀರುವಿನ ಮೇಲಿನಿಂದ ಒಂದು ಹಲಗೆ ಇಣುಕಿತು. ಬಿಳಿ ಅಕ್ಷರ, ನೀಲಿ ಹಿನ್ನೆಲೆ. ತನ್ನ ಹೆಸರು ಅಷ್ಟು ಚೆಂದ ಇದೆಯೆಂದು ವಗ್ದಿಗೆ ಆ ದಿನದವರೆಗೆ ಗೊತ್ತಿರಲಿಲ್ಲ. "ಬೇರೆ ಮಹಡಿ ಆದ್ದರಿಂದ ಇದು ವರ್ಗಾವಣೆ ಲೆಕ್ಕ. ಜಿಮ್ಮೆ ಏನೂ ಇಲ್ಲ ಅಂತ ಉಗ್ರಾಣದ ಪತ್ರ ಬೇಕು. ಬೆಳಿಗ್ಗೆಯೇ ತಯಾರು ಮಾಡೋಕೆ ಹೇಳಿದ್ದೆ. ಯಾರಿಗೂ ಬಾಯಿ ಬಿಡಬೇಡ ಅಂತಾನೂ ಹೇಳಿದ್ದೆ. ಎಲ್ಲಿ, ಫಹೀಮ್?"

ಫಹೀಮ್ ಬೆಳಿಗ್ಗೆ ತಯಾರು ಮಾಡಿದ್ದ ಪತ್ರವನ್ನು ಜೇಬಿನಿಂದ ತೆಗೆದು ಎರಡಾಗಿ ಹರಿದ.

"ಬೇ, ಒಂದೂಕಾಲಿಗೆ ಇವರ ಹೆಸರಿಗೆ ಒಂದು ಜಿಮ್ಮೆ ಬಂತು."

"ಯಾವುದು?"

"ನೀವು ಅದರ ಮೇಲೇ ಕಾಗದ ಇಟ್ಕೊಂಡಿದ್ದೀರಿ."

ಹಿಲ್ಮಿ ಬೇ ಬೀರುವನ್ನು ನೋಡಿದರು. ವಗ್ದಿಯನ್ನು ನೋಡಿದರು. ಸೇವಾವಧಿಯ ಪಟ್ಟಿಯಲ್ಲಿ ಎರಡನೆಯ ಹೆಸರು ಯಾರದೆಂದು ನೋಡಿದರು. ಅದು ಬಹ್ಗತ್‌ನದು. ಬೀರು ಇದ್ದದ್ದರಿಂದ ಅದರ ಮುಂದೆ ಪೆನ್ಸಿಲ್‌ನಲ್ಲಿ ಕಾಟು ಹೊಡೆದಿತ್ತು. ಈಗ ಬೀರು ಅವನದಲ್ಲ. ಮಹಡಿ ಏರಲು ಅವನಿಗೆ ಅಡ್ಡಿ ಒಂದೂ ಇರಲಿಲ್ಲ.

ಬಹ್ಗತ್‌ನ ಬಗ್ಗೆ ಸುಳ್ಳು ಹೇಳಬಾರದು. ಅವನೇ ಮೊದಲು ಮುಂದೆ ಬಂದ. "ಬೇ, ಇದು ನ್ಯಾಯ ಅಲ್ಲ. ಆ ಪುಟ ಹರಿದುಹಾಕಿ. ಬೀರು ನಾನೇ ವಾಪಸ್ ತಗೋತೀನಿ. ಇನ್ನೂ ಒಂದು ಗಂಟೇನೂ ಆಗಿಲ್ಲ."

"ಹರೀಬಹುದು," ಎಂದರು ಹಿಲ್ಮಿ ಬೇ. "ಇಬ್ಬರೂ ಒಪ್ಪಿದ್ರೆ ಹರೀತೀನಿ. ಉಸ್ತಾದ್ ವಗ್ದಿ?"

ಒಪ್ಪಿದೆ ಎನ್ನಲು ವಗ್ದಿ ಬಾಯಿ ತೆರೆದ.

"ಆಣೆ," ಎಂದ ಬಯೂಮಿ ಕಾಕಾ, ಲೋಟ ಒರೆಸುತ್ತ.

"ವಾಪಸ್ ಕೊಟ್ರೂ ತಲಾಖ್ ಅಂದಿದ್ರು," ಎಂದ ಒಬ್ಬ ರೈತ. "ನಾವು ಮೂವರೂ ಕೇಳಿಸ್ಕೊಂಡ್ವಿ. ಮೂರು ಸಲ ಅಂದ್ರು."

ಹಿಲ್ಮಿ ಬೇ ಕನ್ನಡಕ ತೆಗೆದರು. "ಪುಸ್ತಕದ ಹಾಳೆ ಹರಿಯೋದು ನನ್ನ ಕೈಲಿದೆ. ಇದು ನನ್ನ ಕೈಲಿಲ್ಲ. ನಿಮ್ಮ ಮನೆಯವರ ಹತ್ರ ಮಾತಾಡಿ, ಆಮೇಲೆ ಮಸೀದಿಯ ಷೇಖ್ ಅವರನ್ನಾದ್ರೂ ಕೇಳೋಣ. ಮೂರು ಗಂಟೆ ಒಳಗೆ ಆದೇಶ ಮೇಲಕ್ಕೆ ಹೋಗ್ಬೇಕು."

ವಗ್ದಿ ಫೋನ್ ತೆಗೆದ. ಹಲಗೆಯ ಆಸೆ ಸೌಸನ್‌ಗೂ ಇದೆ, ತವರಿಗೆಲ್ಲ ಹೇಳಿಕೊಂಡಿದ್ದಾಳೆ, ಏನಾದರೂ ದಾರಿ ಅವಳೇ ಹೇಳುತ್ತಾಳೆ.

"ಸೌಸನ್, ಒಂದು ಮಾತು ಕೇಳ್ಬೇಕಿತ್ತು."

"ಗೊತ್ತು. ಇನ್ಶಿರಾಹ್ ಮೊದಲೇ ಹೇಳಿದ್ಲು, ಈಗ್ಲೂ ಅವಳ ಫೋನಲ್ಲೇ ಎಲ್ಲ ಕೇಳಿಸ್ಕೊಳ್ತಾ ಇದ್ದೆ. ಬೀರು ಇಟ್ಕೊಂಡ್ರೆ ನಾನಿದ್ದೀನಿ. ಬೀರು ಕೊಟ್ರೆ ಹುದ್ದೆ ಬರುತ್ತೆ, ನಾನು ಹೋಗ್ತೀನಿ. ಅಷ್ಟೇ ತಾನೇ?"

"ಅಷ್ಟೇ," ಎಂದ ವಗ್ದಿ.

"ಮೂವತ್ತು ವರ್ಷ ಸಂಸಾರ ಮಾಡಿ, ಇದನ್ನ ತೀರ್ಮಾನ ಮಾಡೋಕೆ ನೀವು ನನಗೆ ಫೋನ್ ಮಾಡಿ ಕೇಳ್ಬೇಕಾಯ್ತು."

ಫೋನು ಕಟ್ಟಾಯಿತು.

"ಬೀರು ನನ್ನ ಹತ್ರಾನೇ ಇರ್ಲಿ ಬೇ," ಎಂದ ವಗ್ದಿ. ಹಿಲ್ಮಿ ಬೇ ಆದೇಶದಲ್ಲಿ ಒಂದು ಹೆಸರು ಹೊಡೆದು ಇನ್ನೊಂದು ಬರೆದರು. ಹುದ್ದೆ ಹೋಯಿತು, ಮನೆಗೆ ಹೋಗುವ ಮುಖವೂ ಹೋಯಿತು. ಬಹ್ಗತ್ ಮತ್ತೊಮ್ಮೆ ಅಳುತ್ತ ಬಂದು ವಗ್ದಿಯ ತಲೆಗೆ ಮುತ್ತಿಟ್ಟು, "ನೀವು ಕೊಟ್ಟದ್ದು ಅಣ್ಣಾ, ಎಲ್ಲ ನೀವೇ ಕೊಟ್ಟದ್ದು," ಎಂದ. ಮಾತು ನಿಜ. ಎಲ್ಲವನ್ನೂ ಕೈಯಾರೆ ಕೊಟ್ಟವನಿಗೆ, ಪಡೆದವನ ಮೇಲೆ ಹೊಟ್ಟೆಕಿಚ್ಚು ಪಡುವ ಹಕ್ಕೂ ಉಳಿಯುವುದಿಲ್ಲ. ವಗ್ದಿಗೂ ಅದು ಗೊತ್ತಾಯಿತು.

ಆದರೂ ಹೊಟ್ಟೆಕಿಚ್ಚು ಪಟ್ಟ.